ಚಿಕ್ಕಮಗಳೂರಿನ ಠಾಣೆಗಳಿಗೆ ಸಿಬ್ಬಂದಿ ಬೇಕು, ಅವರ ಮೇಲಿನ ದೂರು ಕೇಳುವವರೂ ಬೇಕು

ನಿವೃತ್ತ ಉಪನ್ಯಾಸಕ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನಲ್ಲಿ ಪೊಲೀಸರ ಮಾತು ಬಂದಾಗಲೆಲ್ಲ ಜನ ಎರಡು ಪಂಗಡವಾಗಿಬಿಡುತ್ತಾರೆ. ‘ಪಾಪ, ಅವರಿಗೆ ಹೊತ್ತಿಗೆ ಊಟವಿಲ್ಲ, ನಿದ್ದೆಯಿಲ್ಲ, ಠಾಣೆಯಲ್ಲಿ ಜನವೇ ಇಲ್ಲ’ ಎನ್ನುವವರು ಒಂದು ಕಡೆ. ‘ಅವರ ದರ್ಪವನ್ನು ಕೇಳುವವರೇ ಇಲ್ಲ’ ಎನ್ನುವವರು ಇನ್ನೊಂದು ಕಡೆ. ಎರಡು ಮಾತೂ ನಿಜ, ಮತ್ತು ಒಂದನ್ನು ಬಿಟ್ಟು ಇನ್ನೊಂದನ್ನು ಸರಿಪಡಿಸಲು ಆಗುವುದಿಲ್ಲ ಎಂದು ನನಗೆ ಬಹಳ ದಿನಗಳಿಂದ ಅನಿಸುತ್ತಿದೆ. ಅದನ್ನು ಇಲ್ಲಿ ಎಲ್ಲರ ಮುಂದಿಟ್ಟು ಚರ್ಚಿಸಬೇಕೆಂದು ಬರೆಯುತ್ತಿದ್ದೇನೆ.

2023ರ ನವೆಂಬರ್ 30ರ ರಾತ್ರಿಯನ್ನು ಊರಿನವರು ಮರೆತಿಲ್ಲ. ಹೆಲ್ಮೆಟ್ ವಿಚಾರವಾಗಿ ಶುರುವಾದ ಮಾತು ಬೆಳೆದು, ನಗರ ಠಾಣೆಯಲ್ಲಿ ಯುವ ವಕೀಲರೊಬ್ಬರ ಮೇಲೆ ಹಲ್ಲೆಯಾಯಿತೆಂಬ ಆರೋಪ ಬಂದಿತು. ಸಬ್ ಇನ್‌ಸ್ಪೆಕ್ಟರ್ ಸೇರಿ ಆರು ಮಂದಿ ಅಮಾನತಾದರು, ವಕೀಲರು ಕಲಾಪದಿಂದ ಹೊರಗುಳಿದರು, ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡಿತು. ಅದರ ಬೆನ್ನಿಗೇ ನಾವು ಹಿಂದೆಂದೂ ಕಾಣದ ದೃಶ್ಯವೊಂದನ್ನು ಕಂಡೆವು: ತಮ್ಮ ಸಹೋದ್ಯೋಗಿಗಳ ಮೇಲೆ ಪ್ರಕರಣ ದಾಖಲಾದುದನ್ನು ವಿರೋಧಿಸಿ ಪೊಲೀಸರೂ ಅವರ ಮನೆಯವರೂ ಹನುಮಂತಪ್ಪ ವೃತ್ತದಲ್ಲಿ ನಿಂತಿದ್ದರು. ಕಾನೂನು ಜಾರಿ ಮಾಡುವವರು ಮತ್ತು ಕಾನೂನು ವಾದಿಸುವವರು, ಇಬ್ಬರಿಗೂ ತಮ್ಮ ಅಳಲನ್ನು ಹೇಳಿಕೊಳ್ಳಲು ಬೀದಿಯೊಂದೇ ಉಳಿದಿತ್ತು. 2011ರ ಜನಗಣತಿಯಂತೆ ಸುಮಾರು 1.18 ಲಕ್ಷ ಜನರಿರುವ ಊರು ಇದು. ಇಲ್ಲಿ ಪೇದೆಯ ಮಗುವೂ ವಕೀಲರ ಮಗುವೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂರುತ್ತವೆ.

ನನ್ನದೇ ಒಂದು ಚಿಕ್ಕ ಅನುಭವ ಹೇಳುತ್ತೇನೆ. ಯಾವ ಠಾಣೆ ಎಂಬುದು ಇಲ್ಲಿ ಮುಖ್ಯವಲ್ಲ. ಕೆಲವು ದಾಖಲೆಗಳು ಕಳೆದುಹೋದವೆಂದು ದೂರು ಕೊಡಲು ಸಂಜೆ ಹೋಗಿದ್ದೆ. ಒಳಗೆ ಇದ್ದವರು ಇಬ್ಬರೇ. ಒಬ್ಬರು ವೈರ್‌ಲೆಸ್ ಮುಂದೆ ಕೂತಿದ್ದರು. ಇನ್ನೊಬ್ಬರು ಕಂಪ್ಯೂಟರಿನ ಮುಂದೆ, ಶೂ ಕಳಚಿ, ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಟೈಪ್ ಮಾಡುತ್ತಿದ್ದರು. ನನ್ನನ್ನು ಕಂಡು ಅವರು ಕಾಲು ಕೆಳಗಿಳಿಸಿ, ‘ಸರ್, ಎದುರಿನ ಜೆರಾಕ್ಸ್ ಅಂಗಡಿಯಿಂದ ಹತ್ತು ಬಿಳಿ ಹಾಳೆ ತರುತ್ತೀರಾ? ನಮ್ಮದು ಮುಗಿದಿದೆ’ ಎಂದರು. ಕೇಳುವಾಗ ಅವರಿಗೆ ನಾಚಿಕೆಯಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ತಂದುಕೊಟ್ಟೆ. ಆದರೆ ಸ್ವೀಕೃತಿ ಕೇಳಿದಾಗ ಅವರೇ ‘ಸಾಹೇಬರು ಬಂದ ಮೇಲೆ ನೋಡೋಣ’ ಎಂದರು, ಮತ್ತೆ ಮೂರು ಸಲ ಅಲೆಸಿದರು. ಹಾಳೆ ಇಲ್ಲದ ಬಡತನವೂ, ಕಾನೂನಿನಂತೆ ಕೊಡಬೇಕಾದ ಸ್ವೀಕೃತಿಯನ್ನು ಉಪಕಾರದಂತೆ ತಡೆಹಿಡಿಯುವ ಅಭ್ಯಾಸವೂ ಒಬ್ಬರೇ ಮನುಷ್ಯನಲ್ಲಿ, ಒಂದೇ ಮೇಜಿನ ಹಿಂದೆ ಇದ್ದವು. ಅಂದಿನಿಂದ ಇವೆರಡನ್ನೂ ಬಿಡಿಬಿಡಿಯಾಗಿ ನೋಡಲು ನನಗೆ ಸಾಧ್ಯವಾಗಿಲ್ಲ.

ಈ ಕೆಲಸದ ಒಳಗಿದ್ದವರು, ಹೊರಗಿನಿಂದ ಪೆಟ್ಟು ತಿಂದವರು, ಇಬ್ಬರೂ ಬರೆಯಬೇಕೆಂದು ವಿನಂತಿ.

ನಿವೃತ್ತ ಎಎಸ್‌ಐ, ಮಲೆನಾಡು

ಮೇಷ್ಟ್ರೇ, ನಮಸ್ಕಾರ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಖಾಕಿ ತೊಟ್ಟವನು ನಾನು. ಆ ಸ್ಟೂಲಿನ ಮೇಲಿನ ಕಾಲು ನನ್ನದೂ ಆಗಿತ್ತು.

ಠಾಣೆಗೆ ಮಂಜೂರಾದ ಬಲ, ಹಾಲಿ ಬಲ ಎಂದು ಎರಡು ಲೆಕ್ಕಗಳಿರುವುದು ಎಲ್ಲರಿಗೂ ಗೊತ್ತು. ಜನರ ಕಣ್ಣಿಗೆ ಬೀಳದ ಮೂರನೆಯ ಲೆಕ್ಕವೊಂದಿದೆ. ಅದು ಬೆಳಗಿನ ರೋಲ್ ಕಾಲ್‌ನಲ್ಲಿ ಎದುರಿಗೆ ನಿಂತವರ ಲೆಕ್ಕ. ಹಾಲಿ ಬಲದಲ್ಲಿ ಒಬ್ಬರು ಕೋರ್ಟ್ ಡ್ಯೂಟಿಗೆ ಹೋದರು, ಒಬ್ಬರು ಸಮನ್ಸ್ ವಾರೆಂಟ್ ಹಿಡಿದು ಪಕ್ಕದ ಜಿಲ್ಲೆಗೆ ಹೋದರು, ಒಬ್ಬರು ಎಸ್‌ಪಿ ಕಚೇರಿಗೆ ಒಒಡಿ (ಬೇರೆಡೆಯ ಕರ್ತವ್ಯ) ಮೇಲೆ ಹೋದವರು ಎರಡು ವರ್ಷವಾದರೂ ತಿರುಗಿ ಬಂದಿಲ್ಲ, ಒಬ್ಬರು ಸೆಂಟ್ರಿ, ಒಬ್ಬರು ರೈಟರ್, ಒಬ್ಬರು ಶವಪರೀಕ್ಷೆಗೆ ಆಸ್ಪತ್ರೆಯಲ್ಲಿ, ಇಬ್ಬರು ರಾತ್ರಿ ಬೀಟ್ ಮುಗಿಸಿ ಆಗ ತಾನೆ ಮಲಗಿದ್ದಾರೆ. ಉಳಿದವರ ಮೇಲೆ ಇಡೀ ಊರು ನಿಂತಿದೆ. ಅದೇ ಹೊತ್ತಿಗೆ ಮಂತ್ರಿಗಳ ಪ್ರವಾಸವೆಂದರೆ ಆ ಉಳಿದವರೂ ಬಂದೋಬಸ್ತಿಗೆ.

ನಮ್ಮ ಜಿಲ್ಲೆಗೆ ಇನ್ನೂ ಒಂದು ಹೊರೆಯಿದೆ. ಪ್ರತಿ ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಬಂದೋಬಸ್ತ್ ಬರುತ್ತದೆ. ಹೊರಜಿಲ್ಲೆಗಳಿಂದ ಸಾವಿರಾರು ಮಂದಿಯನ್ನು ಕರೆಸುತ್ತಾರೆ, ಕಲ್ಯಾಣ ಮಂಟಪಗಳಲ್ಲೂ ಶಾಲೆಗಳಲ್ಲೂ ಮಲಗಿಸುತ್ತಾರೆ. ಬಾಬಾಬುಡನ್‌ಗಿರಿಯ ದಾರಿಯ ತಿರುವಿನಲ್ಲಿ ಮಂಜು ಸುರಿಯುವಾಗ ಜರ್ಕಿನ್ ಒದ್ದೆಯಾಗಿ ಮೈಗಂಟಿ, ಬೆಳಿಗ್ಗೆ ಕೊಟ್ಟ ಚಿತ್ರಾನ್ನದ ಪೊಟ್ಟಣವನ್ನು ಮಧ್ಯಾಹ್ನ ಮೂರಕ್ಕೆ ಬಿಚ್ಚಿ ನಿಂತೇ ತಿಂದಿದ್ದೇನೆ. ನನ್ನ ಜೊತೆಗಿದ್ದ ಮಹಿಳಾ ಪೇದೆಯೊಬ್ಬರು ಶೌಚಾಲಯವಿಲ್ಲದ ಕಾರಣಕ್ಕೆ ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ಆ ದಿನಗಳಲ್ಲಿ ಠಾಣೆಯ ತನಿಖೆಗಳೆಲ್ಲ ಹಾಗೆಯೇ ನಿಲ್ಲುತ್ತವೆ. ವಾರಾಂತ್ಯಗಳಲ್ಲಿ ಮುಳ್ಳಯ್ಯನಗಿರಿಗೆ ಬರುವ ವಾಹನಗಳ ದಟ್ಟಣೆಯದು ಬೇರೆಯೇ ಕಥೆ.

ಖಾಲಿ ಹುದ್ದೆ ತುಂಬುವುದೂ ಸುಲಭದ ಮಾತಾಗಿ ಉಳಿದಿಲ್ಲ. 545 ಪಿಎಸ್‌ಐ ಹುದ್ದೆಗಳ ಗತಿ ನೆನಪಿಸಿಕೊಳ್ಳಿ. 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಒಎಂಆರ್ ಹಾಳೆಗಳನ್ನು ತಿದ್ದಿದ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಆ ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಅಷ್ಟು ವರ್ಷ ಆ ಕುರ್ಚಿಗಳ ಕೆಲಸವನ್ನು ಮಾಡಿದವರು ನಮ್ಮಂಥ ಎಎಸ್‌ಐಗಳು. ಪ್ರಾಮಾಣಿಕವಾಗಿ ಓದಿ ಬರೆದಿದ್ದ ಮಕ್ಕಳ ಹೊಟ್ಟೆಯ ಸಂಕಟವನ್ನು ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ನಿದ್ದೆಗೆಟ್ಟವನು ಸಿಡುಕುತ್ತಾನೆ, ಸರಿ. ಆದರೆ ಲಾಠಿ ಎತ್ತುವವನು ಎಲ್ಲರ ಮೇಲೂ ಎತ್ತುವುದಿಲ್ಲ. ಎದುರಿಗೆ ಯಾರಿದ್ದಾರೆ, ಅವರ ಹಿಂದೆ ಯಾರಿದ್ದಾರೆ ಎಂದು ನೋಡಿಯೇ ಎತ್ತುತ್ತಾನೆ. ಅದನ್ನು ನಿದ್ದೆಗೇಡಿನ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಎಂ.ಜಿ. ರಸ್ತೆಯ ವರ್ತಕ

ಎಎಸ್‌ಐ ಸಾಹೇಬರು ಹೇಳಿದ ಕಷ್ಟವನ್ನು ಓದಿ ಬೇಸರವಾಯಿತು. ನನ್ನ ಅಭಿಪ್ರಾಯವಿಷ್ಟೆ: ಮೊದಲು ಜನ ಕೊಡಿ, ವಾಹನ ಕೊಡಿ, ದುಡ್ಡು ಕೊಡಿ, ಆಮೇಲೆ ಲೆಕ್ಕ ಕೇಳಿ. ಮಾತುಮಾತಿಗೂ ಅಮಾನತು, ವಿಚಾರಣೆ ಎಂದರೆ ಪೊಲೀಸರು ಕೈಕಟ್ಟಿ ಕೂರುತ್ತಾರೆ. ನನ್ನ ಅಂಗಡಿಯ ಬೀಗ ಒಡೆದಾಗ ರಾತ್ರಿ ಎರಡು ಗಂಟೆಗೆ ಬಂದವರು ಅವರೇ. ಆಯೋಗ, ಪ್ರಾಧಿಕಾರ ಎಂದು ಹೇಳುವವರು ಯಾರೂ ಆ ಹೊತ್ತಿಗೆ ಬರುವುದಿಲ್ಲ.

ವಕೀಲೆ, ಹಾಸನ–ಚಿಕ್ಕಮಗಳೂರು

ವರ್ತಕರ ಮಾತಿಗೆ ಗೌರವದಿಂದಲೇ ಉತ್ತರಿಸುತ್ತೇನೆ. ‘ಮೊದಲು ಅದು, ಆಮೇಲೆ ಇದು’ ಎಂಬ ಈ ಕ್ರಮದಲ್ಲಿಯೇ ನಾವು 2006ರಿಂದ ಕಾಯುತ್ತಿದ್ದೇವೆ. ಆ ವರ್ಷದ ಸೆಪ್ಟೆಂಬರ್ 22ರಂದು ಪೊಲೀಸ್ ಸುಧಾರಣೆ ಕೋರಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನಗಳನ್ನು ಕೊಟ್ಟಿತು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಸಿಬ್ಬಂದಿ ಮಂಡಳಿ, ತನಿಖೆಯನ್ನೂ ಕಾನೂನು ಸುವ್ಯವಸ್ಥೆಯನ್ನೂ ಬೇರ್ಪಡಿಸುವುದು, ಇವೆಲ್ಲ ಪೊಲೀಸರ ರಕ್ಷಣೆಗಾಗಿಯೇ ಇದ್ದವು. ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರ ಜನರ ರಕ್ಷಣೆಗಾಗಿ ಇತ್ತು. ನ್ಯಾಯಾಲಯ ಇವೆಲ್ಲವನ್ನೂ ಒಂದೇ ಆದೇಶದಲ್ಲಿ ಹೇಳಿತು, ಒಂದಾದ ಮೇಲೆ ಒಂದೆಂದು ಹೇಳಲಿಲ್ಲ.

ಕರ್ನಾಟಕವು 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರಗಳನ್ನು ಸೃಷ್ಟಿಸಿತು. ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರಾಗಿರಬೇಕೆಂದು ಸುಪ್ರೀಂ ಕೋರ್ಟ್ ಬಯಸಿತ್ತು. ನಮ್ಮ ಕಾಯ್ದೆ ಆ ಸ್ಥಾನವನ್ನು ಪ್ರಾದೇಶಿಕ ಆಯುಕ್ತರಿಗೆ ಕೊಟ್ಟಿದೆ. ಚಿಕ್ಕಮಗಳೂರು ಮೈಸೂರು ವಿಭಾಗಕ್ಕೆ ಸೇರಿದೆ. ಆ ಒಬ್ಬ ಅಧಿಕಾರಿಯ ಕೈಯಲ್ಲಿ ಎಂಟು ಜಿಲ್ಲೆಗಳ ಕಂದಾಯ, ಚುನಾವಣೆ, ಮೇಲ್ಮನವಿಗಳಿವೆ. ಅದರ ನಡುವೆ ಕಡೂರಿನ ಕೂಲಿಯವನ ಮೇಲೆ ಕೈಮಾಡಿದ ಪೇದೆಯ ದೂರನ್ನೂ ಅವರೇ ಕೇಳಬೇಕು. ನನ್ನ ಕಕ್ಷಿದಾರರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಇಂಥ ಪ್ರಾಧಿಕಾರವಿದೆ ಎಂಬುದೇ ತಿಳಿದಿರುವುದಿಲ್ಲ. ಠಾಣೆಯ ಗೋಡೆಯ ಮೇಲೆ ಸಹಾಯವಾಣಿಗಳ ಪಟ್ಟಿ ನೋಡಿದ್ದೇನೆ, ಕಳ್ಳರಿದ್ದಾರೆ ಎಚ್ಚರಿಕೆ ನೋಡಿದ್ದೇನೆ, ಈ ಪ್ರಾಧಿಕಾರದ ವಿಳಾಸವನ್ನು ನಾನಂತೂ ನೋಡಿಲ್ಲ.

ಇದರ ಫಲವೇನು? ದೂರು ಕೇಳುವ ಜಾಗವಿಲ್ಲದ ಕಡೆ ಎಲ್ಲ ದೂರುಗಳೂ ಒಂದೋ ಸತ್ತುಹೋಗುತ್ತವೆ, ಇಲ್ಲವೇ ಸಿಡಿಯುತ್ತವೆ. 2021ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋಣಿಬೀಡಿನಲ್ಲಿ ದಲಿತ ಯುವಕರೊಬ್ಬರಿಗೆ ಠಾಣೆಯಲ್ಲಿ ಮೂತ್ರ ಕುಡಿಸಿದರೆಂಬ ಆರೋಪ ಬಂತು. ಅವರು ಮೇಲಧಿಕಾರಿಗಳಿಗೆ ಪತ್ರ ಬರೆದು, ಅದು ಸುದ್ದಿಯಾಗಿ, ಊರೆಲ್ಲ ಮಾತಾಡಿದ ಮೇಲೆ ಪಿಎಸ್‌ಐ ಅಮಾನತು, ಸಿಐಡಿ ತನಿಖೆ, ಬಂಧನ ಎಲ್ಲವೂ ಆದವು. 2024ರ ಮೇ 24ರಂದು ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ, ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ಯುವಕ ಮೃತಪಟ್ಟಾಗ, ಆ ರಾತ್ರಿಯೇ ಜನ ಠಾಣೆಗೆ ನುಗ್ಗಿ ವಾಹನಗಳನ್ನು ಜಖಂಗೊಳಿಸಿದರು, ಹಲವು ಪೊಲೀಸರು ಗಾಯಗೊಂಡರು. ಕಲ್ಲು ಬಿದ್ದದ್ದು ಯಾರ ತಲೆಗೆ? ಆ ಯುವಕನನ್ನು ಮುಟ್ಟಿರದ, ಆ ರಾತ್ರಿ ಪಾಳಿಯಲ್ಲಿದ್ದ ಎಷ್ಟು ಪೇದೆಗಳು ಅದರಲ್ಲಿದ್ದಿರಬಹುದು ಎಂದು ಯೋಚಿಸಿ. ನಂಬಿಕೆಯುಳ್ಳ ವಿಚಾರಣೆಯೊಂದು ಖಂಡಿತ ನಡೆಯುತ್ತದೆ ಎಂಬ ಭರವಸೆ ಜನರಿಗೆ ಇದ್ದಿದ್ದರೆ ಆ ಕಲ್ಲುಗಳಲ್ಲಿ ಕೆಲವಾದರೂ ಕೈಯಲ್ಲೇ ಉಳಿಯುತ್ತಿದ್ದವು ಎಂಬುದು ನನ್ನ ದೃಢವಾದ ನಂಬಿಕೆ.

ಇನ್ನು ‘ಅಮಾನತು’ ಎಂಬ ಪದದ ಬಗ್ಗೆ. ಜನ ಅದನ್ನು ಶಿಕ್ಷೆಯೆಂದು ತಿಳಿದಿದ್ದಾರೆ. ಅದು ವಿಚಾರಣೆ ಮುಗಿಯುವವರೆಗಿನ ತಾತ್ಕಾಲಿಕ ಕ್ರಮ. ಜೀವನಾಧಾರ ಭತ್ಯೆ ಬರುತ್ತಿರುತ್ತದೆ, ಊರು ತಣ್ಣಗಾದ ಮೇಲೆ ಬಹಳಷ್ಟು ಮಂದಿ ಬೇರೆ ಠಾಣೆಗೆ ಮರಳುತ್ತಾರೆ. ಕ್ರಿಮಿನಲ್ ಮೊಕದ್ದಮೆಯ ಹಾದಿಯಲ್ಲಿ ಬೇರೆ ತಡೆಗಳಿವೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ಸರ್ಕಾರದ ಪೂರ್ವಾನುಮತಿ ಕೇಳುತ್ತದೆ. ಕೃತ್ಯವು ಕರ್ತವ್ಯದ ಮಿತಿ ಮೀರಿದ್ದರೂ ಕರ್ತವ್ಯಕ್ಕೆ ಸಮಂಜಸ ಸಂಬಂಧ ಹೊಂದಿದ್ದರೆ ಅನುಮತಿ ಬೇಕೆಂದು ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರ ಜೂನ್ 18ರಂದು ಹೇಳಿದೆ. ಈ ರಕ್ಷಣೆ ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ, ಸುಳ್ಳು ದೂರುಗಳೂ ಇವೆ. ಆದರೆ ಒಂದು ಬಾಗಿಲಿಗೆ ಇಷ್ಟು ಭದ್ರವಾದ ಬೀಗ ಹಾಕಿದ ಸರ್ಕಾರ ಇನ್ನೊಂದು ಬಾಗಿಲನ್ನಾದರೂ, ಅಂದರೆ ದೂರು ಪ್ರಾಧಿಕಾರವನ್ನಾದರೂ, ತೆರೆದಿಡಬೇಕಲ್ಲವೇ?

ಪೇದೆಯೊಬ್ಬರ ಪತ್ನಿ

ನಾನು ಇಂಥ ಚರ್ಚೆಗಳಲ್ಲಿ ಬರೆಯುವವಳಲ್ಲ. ವಕೀಲೆ ಮೇಡಂ ಹೇಳಿದ್ದರಲ್ಲಿ ಒಂದು ಮಾತು ನನ್ನನ್ನು ಬರೆಯುವಂತೆ ಮಾಡಿತು: ಕಲ್ಲು ಬಿದ್ದದ್ದು ಯಾರ ತಲೆಗೆ ಎಂದು.

ನಮ್ಮ ಮನೆಯವರ ಡ್ಯೂಟಿ ಮುಗಿಯುವ ಹೊತ್ತು ಯಾವುದೆಂದು ಮದುವೆಯಾಗಿ ಹನ್ನೊಂದು ವರ್ಷವಾದರೂ ನನಗೆ ಗೊತ್ತಿಲ್ಲ. ವಾರದ ರಜೆ ಕಾಗದದ ಮೇಲಿದೆ. ಮಗಳ ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸಿ, ಅವರ ಪಾಲನ್ನು ತಟ್ಟೆಯಲ್ಲಿ ಮುಚ್ಚಿಟ್ಟು ಮಲಗುತ್ತೇವೆ. ಬೆಳಿಗ್ಗೆ ಅದರ ಮೇಲೆ ಇರುವೆ ಹತ್ತಿರುತ್ತದೆ. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆಂದು ಸುದ್ದಿಯಾಗಿತ್ತು, ನೆನಪಿದೆಯೇ? ಆಗ ಮುಂದಾಳುಗಳನ್ನು ಬಂಧಿಸಿದರು, ಉಳಿದವರು ಹೆದರಿ ಕೆಲಸಕ್ಕೆ ಹೋದರು. ಅದಾದ ಮೇಲೆ ಔರಾದ್ಕರ್ ಸಮಿತಿಯ ವರದಿ ಬಂತು, ಸಂಬಳದ ಪರಿಷ್ಕರಣೆ ಕೈಗೆ ಸಿಕ್ಕಿದ್ದು 2019ರ ಆಗಸ್ಟ್‌ನಿಂದ. ಸಂಬಳ ಸ್ವಲ್ಪ ಏರಿತು, ಸಂತೋಷ. ನಿದ್ದೆ ಏರಲಿಲ್ಲ.

ಪೊಲೀಸರಿಗೆ ಸಂಘ ಕಟ್ಟುವ ಹಕ್ಕಿಲ್ಲ, ಅದಕ್ಕೆ 1966ರ ಕಾನೂನೇ ಅಡ್ಡಿ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹಾಗಿದ್ದರೆ ಇನ್‌ಸ್ಪೆಕ್ಟರ್ ಬೈದಾಗ, ರಜೆ ಕೊಡದಿದ್ದಾಗ, ‘ಅವನಿಗೆ ನಾಲ್ಕು ಬಾರಿಸು, ಬಾಯಿ ಬಿಡುತ್ತಾನೆ’ ಎಂದು ಬಾಯಿಮಾತಿನಲ್ಲಿ ಹೇಳಿ ಆಮೇಲೆ ‘ನಾನು ಹೇಳಿಯೇ ಇಲ್ಲ’ ಎಂದಾಗ, ಅವರು ಯಾರ ಬಳಿ ಹೇಳಬೇಕು? ವೃತ್ತದಲ್ಲಿ ನಿಂತದ್ದು ತಪ್ಪಿರಬಹುದು. ಹೊಡೆದವರ ಪರವಾಗಿ ನಾನು ಮಾತಾಡುವುದಿಲ್ಲ. ಹೊಡೆಸಿಕೊಂಡವರ ಮನೆಯಲ್ಲೂ ನನ್ನಂಥ ಹೆಂಗಸೊಬ್ಬಳು ಕಾಯುತ್ತಿರುತ್ತಾಳೆ. ದೂರು ಪ್ರಾಧಿಕಾರ ಬರುವುದಾದರೆ ಅದು ಪೇದೆಗಳ ಅಹವಾಲನ್ನೂ ಕೇಳುವ ಜಾಗವಾಗಲಿ ಎಂದು ನನ್ನ ಬೇಡಿಕೆ.

ಇಂಗ್ಲೆಂಡಿನಲ್ಲಿರುವ ಕೊಪ್ಪದವ

ಮೇಡಂ ಬರೆದುದನ್ನು ಓದಿ ಕಣ್ಣು ತುಂಬಿತು. ಇಲ್ಲಿಯ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಇಲ್ಲಿಯೂ ಪೊಲೀಸರು ಮುಷ್ಕರ ಹೂಡುವಂತಿಲ್ಲ, ಆದರೆ 1919ರ ಕಾನೂನಿನಡಿ ಹುಟ್ಟಿದ ಪೊಲೀಸ್ ಫೆಡರೇಶನ್ ಅವರ ಸಂಬಳ, ಪಾಳಿ, ಕ್ಷೇಮದ ಬಗ್ಗೆ ಅಧಿಕೃತವಾಗಿ ಮಾತಾಡುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2018ರ ಜನವರಿಯಿಂದ ಪೊಲೀಸ್ ನಡತೆಯ ಸ್ವತಂತ್ರ ಕಚೇರಿಯೊಂದಿದೆ. ಪೊಲೀಸ್ ಸಂಪರ್ಕದ ನಂತರ ಸಾವು ಅಥವಾ ಗಂಭೀರ ಗಾಯವಾದರೆ ಪ್ರಕರಣವನ್ನು ಅದಕ್ಕೆ ಕಳುಹಿಸಲೇಬೇಕು, ಯಾರೂ ದೂರು ಕೊಡಬೇಕಾಗಿಲ್ಲ. ಇಲ್ಲಿ ಎಲ್ಲವೂ ಚೆನ್ನಾಗಿದೆಯೆಂದಲ್ಲ, ವಿಳಂಬದ ಬಗ್ಗೆ ದೂರುಗಳು ಬೇಕಾದಷ್ಟಿವೆ. ಮುಷ್ಕರದ ಹಕ್ಕನ್ನು ಕಿತ್ತುಕೊಂಡ ಸರ್ಕಾರ ಮಾತಾಡುವ ಬಾಯಿಯನ್ನು ಮಾತ್ರ ಉಳಿಸಿತ್ತು ಎಂಬುದನ್ನು ಗಮನಿಸಬೇಕು.

ನಿವೃತ್ತ ಎಎಸ್‌ಐ, ಮಲೆನಾಡು

ತಂಗಿ, ನೀವು ಬರೆದದ್ದು ಅಕ್ಷರಶಃ ನಿಜ. ಬಾಯಿಮಾತಿನ ಆದೇಶಕ್ಕೆ ಬಲಿಯಾಗುವವನು ಯಾವಾಗಲೂ ಕೆಳಗಿನವನೇ. ಅದಕ್ಕೇ ನಾನು ಕ್ಯಾಮೆರಾ ಬೇಕೆನ್ನುವುದು. ನನ್ನ ಕಾಲದಲ್ಲಿ ಕ್ಯಾಮೆರಾ ಎಂದರೆ ನಮ್ಮವರಿಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಕುಡಿದ ವ್ಯಕ್ತಿಯೊಬ್ಬ ತಾನೇ ಗೋಡೆಗೆ ತಲೆ ಚಚ್ಚಿಕೊಂಡು, ಮರುದಿನ ನಮ್ಮ ಪೇದೆ ಹೊಡೆದನೆಂದು ದೂರಿದ. ಪಡಸಾಲೆಯ ಕ್ಯಾಮೆರಾದಲ್ಲಿ ಎಲ್ಲವೂ ಇತ್ತು, ಹುಡುಗ ಉಳಿದುಕೊಂಡ. ಅಂದಿನಿಂದ ಆ ಠಾಣೆಯಲ್ಲಿ ಕ್ಯಾಮೆರಾದ ದೂಳನ್ನು ಆ ಹುಡುಗನೇ ಒರೆಸುತ್ತಿದ್ದ.

ದುಡ್ಡಿನ ಬಗ್ಗೆಯೂ ಒಂದು ಮಾತು. ಇಲಾಖೆಯ ಅನುದಾನದಲ್ಲಿ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ಠಾಣೆಯ ಕೈಖರ್ಚಿಗೆ ಉಳಿಯುವುದು ಅತ್ಯಲ್ಪ. ಅನಾಥ ಶವವನ್ನು ಸಾಗಿಸುವ ಆಂಬುಲೆನ್ಸ್, ಆರೋಪಿಯನ್ನು ಹುಡುಕಿ ಹೊರರಾಜ್ಯಕ್ಕೆ ಹೋದವರ ಲಾಡ್ಜ್ ಬಾಡಿಗೆ, ಪ್ರಿಂಟರಿನ ಟೋನರ್, ಇವುಗಳಿಗೆ ಮೊದಲು ಜೇಬಿನಿಂದ ಹಾಕಬೇಕು. ಬಿಲ್ಲು ಮಂಜೂರಾಗುವ ಹೊತ್ತಿಗೆ ವರ್ಷ ತಿರುಗುತ್ತದೆ. ಜೇಬಿನಿಂದ ಹಾಕಲಾಗದವನು ದೂರುದಾರನನ್ನು ಕೇಳುತ್ತಾನೆ. ಇಂದು ಬಿಳಿ ಹಾಳೆ ಕೇಳಿದವನು ನಾಳೆ ಡೀಸೆಲ್ ಕೇಳುತ್ತಾನೆ, ಅದರ ಮರುದಿನ ತನಗಾಗಿಯೂ ಕೇಳುತ್ತಾನೆ. ಲಂಚದ ಮೊದಲ ಮೆಟ್ಟಿಲು ಅಲ್ಲಿಯೇ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಹೊಸ ಕ್ರಿಮಿನಲ್ ಕಾನೂನುಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ. ಶೋಧನೆ, ಜಪ್ತಿಯನ್ನೆಲ್ಲ ವಿಡಿಯೊ ಮಾಡಬೇಕು. ಒಳ್ಳೆಯ ನಿಯಮ. ಆದರೆ ತನಿಖಾಧಿಕಾರಿ ತನ್ನ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾ ಹಾಕಿಸಿ ಅದನ್ನು ಮಾಡುವ ಪರಿಸ್ಥಿತಿ ಎಲ್ಲೂ ಇರಬಾರದು.

ಎಂ.ಜಿ. ರಸ್ತೆಯ ವರ್ತಕ

ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ‘ಆಮೇಲೆ’ ಎಂದದ್ದು ಸರಿಯಲ್ಲ. ಆದರೆ ಊರಿನ ನಾವು ಮಾಡಬಹುದಾದದ್ದೇನು? ಬೆಂಗಳೂರಿನಲ್ಲಿ ಕಾಯ್ದೆ ತಿದ್ದಿಸುವ ಶಕ್ತಿ ನಮಗಿಲ್ಲ. 2025ರ ಜುಲೈಯಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಯೋಜನೆಯಲ್ಲಿ ನಮ್ಮ ಬೀಟ್‌ನವರು ಅಂಗಡಿಗೆ ಬಂದು ನಂಬರ್ ಕೊಟ್ಟು ಹೋದರು. ಒಳ್ಳೆಯ ಹುಡುಗ. ಅವನಿಗೆ ಇಂಥದ್ದನ್ನೆಲ್ಲ ಹೇಳಿ ಪ್ರಯೋಜನವಿಲ್ಲ.

ವಕೀಲೆ, ಹಾಸನ–ಚಿಕ್ಕಮಗಳೂರು

ಊರಿನವರು ಮಾಡಬಹುದಾದದ್ದು ಖಂಡಿತ ಇದೆ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಪ್ರವೇಶ, ಲಾಕಪ್, ಪಡಸಾಲೆ, ಅಧಿಕಾರಿಗಳ ಕೋಣೆ ಎಲ್ಲ ಕಡೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದಿತು. ಅದರ ಮೇಲ್ವಿಚಾರಣೆಗೆ ಹೇಳಿದ ಜಿಲ್ಲಾ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ ಅವರ ಜೊತೆಗೆ ನಗರಾಡಳಿತದ ಚುನಾಯಿತ ಮುಖ್ಯಸ್ಥರಿಗೂ ಜಾಗವಿದೆ. ಇದು ಬಹಳ ಮಂದಿಗೆ ತಿಳಿಯದ ಸಂಗತಿ. ನಮ್ಮ ನಗರಸಭೆಯ ಅಧ್ಯಕ್ಷರನ್ನು ವಾರ್ಡ್ ಸದಸ್ಯರ ಮೂಲಕ ನಾವು ಕೇಳಬಹುದು: ಆ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ, ಅದರ ನಡಾವಳಿ ಎಲ್ಲಿದೆ? ನಾನು ಒಮ್ಮೆ ಬೇರೆ ಜಿಲ್ಲೆಯ ಠಾಣೆಯೊಂದರಿಂದ ದೃಶ್ಯಗಳನ್ನು ಕೇಳಿದಾಗ ‘ಮೂವತ್ತು ದಿನಕ್ಕೆ ತಾನೇ ಅಳಿಸಿಹೋಗುತ್ತದೆ’ ಎಂಬ ಉತ್ತರ ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಟ್ಟು ನಿಂತ ಕ್ಯಾಮೆರಾಗಳ ಬಗ್ಗೆ ಮತ್ತೆ ತಾನಾಗಿಯೇ ವಿಚಾರಣೆ ಎತ್ತಿಕೊಂಡಿದೆ, ಅಂದರೆ ಇದು ನಮ್ಮೊಂದೇ ಊರಿನ ರೋಗವಲ್ಲ.

ಬಂಧಿತರ ಹೆಸರು, ವಿಳಾಸ, ಆರೋಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಕಾಣುವಂತೆ ಪ್ರಕಟಿಸಬೇಕೆಂದು ಆ ಹೊಸ ಕಾನೂನುಗಳಲ್ಲೊಂದಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ಹೇಳುತ್ತದೆ. ಠಾಣೆಗೆ ಹೋದಾಗ ಆ ಫಲಕ ಎಲ್ಲಿದೆ ಎಂದು ಕೇಳಿ. ಜಗಳ ಬೇಡ, ಕೇಳಿದರೆ ಸಾಕು.

ನಿವೃತ್ತ ಉಪನ್ಯಾಸಕ, ಚಿಕ್ಕಮಗಳೂರು

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ಮಾಹಿತಿ ಹಕ್ಕಿನಡಿ ಎಸ್‌ಪಿ ಕಚೇರಿಗೆ ಹಾಕಲು ಅರ್ಜಿಯೊಂದನ್ನು ಬರೆದಿದ್ದೇನೆ. ನಗರ, ಬಸವನಹಳ್ಳಿ, ಗ್ರಾಮಾಂತರ ಮತ್ತು ಸಂಚಾರ ಠಾಣೆಗಳ ಮಂಜೂರಾದ ಹುದ್ದೆ, ಹಾಲಿ ಇರುವವರು, ಒಒಡಿ ಮೇಲೆ ಹೊರಗಿರುವವರು, ಕಳೆದ ವರ್ಷ ಪ್ರತಿ ಠಾಣೆಗೆ ಕೈಖರ್ಚಿಗೆಂದು ಬಂದ ಹಣ, ವಾರದ ರಜೆ ಸಿಕ್ಕ ದಿನಗಳು, ಸಿಬ್ಬಂದಿಯ ಮೇಲೆ ಬಂದ ದೂರುಗಳ ಸಂಖ್ಯೆ ಮತ್ತು ಅವುಗಳಲ್ಲಿ ಇತ್ಯರ್ಥವಾದವು, ಕ್ಯಾಮೆರಾ ದೃಶ್ಯಗಳನ್ನು ಎಷ್ಟು ದಿನ ಉಳಿಸಲಾಗುತ್ತಿದೆ ಎಂಬುದು, ಇಷ್ಟನ್ನೂ ಒಂದೇ ಅರ್ಜಿಯಲ್ಲಿ ಕೇಳಿದ್ದೇನೆ. ಸಿಬ್ಬಂದಿಯ ಪ್ರಶ್ನೆಯನ್ನೂ ದೂರಿನ ಪ್ರಶ್ನೆಯನ್ನೂ ಬೇರೆ ಬೇರೆ ಅರ್ಜಿ ಮಾಡಬಾರದೆಂದು ಬೇಕೆಂದೇ ಹಾಗೆ ಮಾಡಿದೆ. ದೂರು ಪ್ರಾಧಿಕಾರಕ್ಕೆ ಸಂಬಂಧಿಸಿದ ಇನ್ನೊಂದು ಅರ್ಜಿ ಮೈಸೂರಿಗೆ, ಪ್ರಾದೇಶಿಕ ಆಯುಕ್ತರ ಕಚೇರಿಗೆ ಹೋಗುತ್ತದೆ.

ಎಎಸ್‌ಐ ಸಾಹೇಬರೇ, ‘ರೋಲ್ ಕಾಲ್‌ನಲ್ಲಿ ಎದುರಿಗೆ ನಿಂತವರ ಲೆಕ್ಕ’ ಎಂದಿರಲ್ಲ, ಅದಕ್ಕೆ ಇಲಾಖೆಯ ದಾಖಲೆಯಲ್ಲಿ ಯಾವ ಪುಸ್ತಕದ ಹೆಸರು ಬರೆಯಬೇಕು?

ನಿವೃತ್ತ ಎಎಸ್‌ಐ, ಮಲೆನಾಡು

ಡ್ಯೂಟಿ ರೋಸ್ಟರ್ ಎಂದು ಬರೆಯಿರಿ, ಮೇಷ್ಟ್ರೇ, ಜೊತೆಗೆ ಸ್ಟೇಷನ್ ಡೈರಿಯ ಹಾಜರಿ ನಮೂದನ್ನೂ ಕೇಳಿ. ಹೆಸರುಗಳು ಬೇಡ, ಸಂಖ್ಯೆ ಮಾತ್ರ ಸಾಕೆಂದು ಸ್ಪಷ್ಟವಾಗಿ ಬರೆದರೆ ನಿರಾಕರಿಸುವುದು ಅಷ್ಟು ಸುಲಭವಾಗುವುದಿಲ್ಲ. ಯಾವುದಾದರೂ ಸಾಧಾರಣ ವಾರವೊಂದನ್ನೂ ದತ್ತ ಜಯಂತಿಯ ವಾರವನ್ನೂ ಆರಿಸಿಕೊಳ್ಳಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆಗಿರಲಿ, ಸ್ವೀಕೃತಿಯನ್ನು ಕೈಗೆ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ. ಸೋಮವಾರ ಬೆಳಿಗ್ಗೆ ಹೋಗುವುದಾದರೆ ತಿಳಿಸಿ, ನಾನೂ ಜೊತೆಗೆ ಬರುತ್ತೇನೆ.